ಎಟಿವಿಯನ್ನು ಊರ ರಸ್ತೆಗೆ ಬಿಡಬೇಕಾ? ಚಿಕ್ಕಬಳ್ಳಾಪುರ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಂದಿ ಬೆಟ್ಟದ ಬುಡದ ಊರುಗಳಲ್ಲಿ ಶನಿವಾರ, ಭಾನುವಾರ ಬಂತೆಂದರೆ ದಪ್ಪ ಟೈರಿನ ನಾಲ್ಕು ಚಕ್ರದ ಬೈಕುಗಳ, ಅಂದರೆ ಎಟಿವಿಗಳ ಸದ್ದು ಶುರುವಾಗುತ್ತದೆ. ಮೊದಲು ರೆಸಾರ್ಟುಗಳ ಬೇಲಿಯೊಳಗೆ ಮಾತ್ರ ಓಡುತ್ತಿದ್ದವು. ಈಗ ಆಗಾಗ ಹಳ್ಳಿ ರಸ್ತೆಗೂ ಇಳಿಯುತ್ತಿವೆ. ಇದರ ಬಗ್ಗೆ ಊರಲ್ಲಿ ಕೇಳಿಬರುವ ಪ್ರಶ್ನೆಗಳನ್ನೆಲ್ಲ ಒಂದು ಕಡೆ ಸೇರಿಸಿ ಉತ್ತರ ಬರೆದಿದ್ದೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಈಗ ಬರುತ್ತಿರುವ ರೂಪದಲ್ಲಿ ಈ ಗಾಡಿಗಳನ್ನು ಸಾರ್ವಜನಿಕ ರಸ್ತೆಗೆ ಬಿಡಬಾರದು. ರೈತರ ಹೊಲದ ಕೆಲಸದ ವಿಷಯ ಬೇರೆ, ಅದಕ್ಕೆ ದಾರಿ ಇದೆ, ಇರಲೂ ಬೇಕು.

ಎಟಿವಿ ಅಂದರೆ ಯಾವ ಗಾಡಿ?

ಬೈಕಿನ ಹಾಗೆ ಎರಡೂ ಕಡೆ ಕಾಲು ಹಾಕಿ ಕೂರುವ ಸೀಟು, ಬೈಕಿನ ಹಾಗೇ ಹ್ಯಾಂಡಲ್, ಆದರೆ ನಾಲ್ಕು ಚಕ್ರ. ಕ್ವಾಡ್ ಬೈಕ್ ಅಂತಲೂ ಕರೆಯುತ್ತಾರೆ. ಮಕ್ಕಳ ಗಾಡಿಗೆ 50 ಸಿಸಿ ಇಂಜಿನ್ ಇರಬಹುದು, ದೊಡ್ಡವರದಕ್ಕೆ 500 ಸಿಸಿಗೂ ಮೇಲೆ. ಹೋಂಡಾ ಕಂಪನಿ 1970ರಲ್ಲಿ ಮೂರು ಚಕ್ರದ ಗಾಡಿಯೊಂದನ್ನು ಅಮೆರಿಕದಲ್ಲಿ ಮಾರಾಟಕ್ಕೆ ಬಿಟ್ಟಿತು. ಎಂಬತ್ತರ ದಶಕದ ಶುರುವಿನಲ್ಲಿ ಸುಜುಕಿ ನಾಲ್ಕು ಚಕ್ರದ್ದನ್ನು ತಂದಿತು. ಮರಳು, ಕೆಸರು, ಹಿಮ, ಹುಲ್ಲುಗಾವಲು, ಇಂಥ ಕಡೆ ಓಡಲೆಂದೇ ಮಾಡಿದ್ದು.

ಹತ್ತಿರ ಹೋಗಿ ನೋಡಿದರೆ ಎರಡು ವಿಷಯ ಗಮನಕ್ಕೆ ಬರುತ್ತವೆ. ಒಂದು, ಟೈರು. ಬೈಕಿನ ಟೈರಿಗೆ ಸುಮಾರು 30 ಪಿಎಸ್‌ಐ ಗಾಳಿ ಹಿಡಿಸುತ್ತೇವೆ. ಎಟಿವಿ ಟೈರಿಗೆ ಸಾಮಾನ್ಯವಾಗಿ 3ರಿಂದ 7 ಪಿಎಸ್‌ಐ ಸಾಕು. ಕೈಯಲ್ಲಿ ಒತ್ತಿದರೆ ತಗ್ಗುತ್ತದೆ. ಎರಡನೆಯದು, ಆಕ್ಸಿಲರೇಟರ್. ಅದನ್ನು ತಿರುಗಿಸುವಂತಿಲ್ಲ, ಬಲಗೈ ಹೆಬ್ಬೆರಳಿನಿಂದ ಒತ್ತಬೇಕು. ಹೊಸಬರು ಗಾಬರಿ ಬಿದ್ದಾಗ ಹ್ಯಾಂಡಲನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಾರೆ. ಆಗ ಹೆಬ್ಬೆರಳೂ ಜೊತೆಗೇ ಒತ್ತಿಬಿಡುತ್ತದೆ. ನಿಲ್ಲಬೇಕಾದ ಗಾಡಿ ಮುಂದಕ್ಕೆ ನುಗ್ಗುತ್ತದೆ. ಬೇಲಿಯೊಳಗೆ ಹೀಗಾದರೆ ಟೈರಿನ ಗೋಡೆಗೆ ಗುದ್ದಿ ನಿಲ್ಲುತ್ತದೆ. ರಸ್ತೆಯಲ್ಲಾದರೆ ಎದುರಿಗೆ ಯಾರಿದ್ದಾರೋ ಅವರ ಮೇಲೆ.

ಈಗ ಊರ ರಸ್ತೆಯಲ್ಲಿ ಓಡಿಸಬಹುದಾ?

ಇಲ್ಲ. ನಂಬರ್ ಪ್ಲೇಟ್ ಇಲ್ಲದ ಎಟಿವಿಯನ್ನು ಯಾವ ಸಾರ್ವಜನಿಕ ರಸ್ತೆಯಲ್ಲೂ ಓಡಿಸುವಂತಿಲ್ಲ.

ಕಾನೂನಲ್ಲಿ ಎಟಿವಿ ಅಂತ ಹೆಸರೇ ಇಲ್ಲ, ಹಾಗಾದ್ರೆ ಹೇಗೆ ತಪ್ಪಾಗುತ್ತೆ?

ಈ ಮಾತು ಬಹಳ ಜನ ಹೇಳುತ್ತಾರೆ. ಕಾನೂನು ನಡೆಯುವುದು ತಿರುಗುಮುರುಗಾಗಿ. 1988ರ ಮೋಟಾರು ವಾಹನ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ನೋಂದಣಿ ಆಗದ ಯಾವ ಮೋಟಾರು ವಾಹನವನ್ನೂ ಸಾರ್ವಜನಿಕ ಸ್ಥಳದಲ್ಲಿ ಓಡಿಸಬಾರದು. ನೋಂದಣಿ ಆಗಬೇಕಾದರೆ ಆ ಮಾಡೆಲ್ ಮೊದಲು ಪುಣೆಯ ಎಆರ್‌ಎಐ ಥರದ ಪರೀಕ್ಷಾ ಸಂಸ್ಥೆಯಲ್ಲಿ ಪಾಸಾಗಿರಬೇಕು. ಬ್ರೇಕು, ಲೈಟು, ಹೊಗೆ, ಸದ್ದು ಎಲ್ಲವನ್ನೂ ಅಲ್ಲಿ ನೋಡುತ್ತಾರೆ. ರೆಸಾರ್ಟುಗಳಲ್ಲಿರುವ ಎಟಿವಿಗಳು ರಸ್ತೆಗೆ ಅಂತ ಈ ಪರೀಕ್ಷೆಗೆ ಹೋದವಲ್ಲ. ಹಾಗಾಗಿ ನಮ್ಮ ಆರ್‌ಟಿಒ ಕಚೇರಿಗೆ ಒಯ್ದು ನಿಲ್ಲಿಸಿದರೂ ಕೆಎ-40 ನಂಬರ್ ಸಿಗುವುದಿಲ್ಲ.

ನೋಂದಣಿ ಇಲ್ಲ ಅಂದರೆ ಇನ್ಶೂರೆನ್ಸ್ ಇಲ್ಲ. 146ನೇ ಸೆಕ್ಷನ್ ಪ್ರಕಾರ ಮೂರನೆಯವರ (ಥರ್ಡ್ ಪಾರ್ಟಿ) ವಿಮೆ ಇಲ್ಲದೆ ಸಾರ್ವಜನಿಕ ಸ್ಥಳದಲ್ಲಿ ಗಾಡಿ ಓಡಿಸುವುದೂ ಅಪರಾಧ. ಒಂದು ತಪ್ಪಿನ ಹಿಂದೆ ಇನ್ನೊಂದು ತಪ್ಪು ಸಾಲಾಗಿ ಬರುತ್ತದೆ.

'ಕಾರ್ಖಾನೆ ಅಥವಾ ಆವರಣದ ಒಳಗೆ ಮಾತ್ರ ಬಳಸುವ ವಿಶೇಷ ಗಾಡಿ ಮೋಟಾರು ವಾಹನವೇ ಅಲ್ಲ ಅಂತ ಕಾಯ್ದೆಯಲ್ಲಿದೆ' ಎಂದು ರೆಸಾರ್ಟಿನವರು ವಾದ ಮಾಡುತ್ತಾರೆ. ಹೌದು, 2(28)ರಲ್ಲಿ ಹಾಗೆ ಇದೆ. ಆವರಣದ ಒಳಗೆ ಮಾತ್ರ ಅನ್ನುವ ಕಾರಣಕ್ಕೆ ನಂಬರ್ ಪ್ಲೇಟು ಬೇಡ ಅನ್ನುವವರು ಅದೇ ಗಾಡಿಯನ್ನು ರಸ್ತೆಗೆ ತಂದು ನಿಲ್ಲಿಸಿದರೆ ಆ ವಾದ ಉಳಿಯುವುದಿಲ್ಲ, ಅಲ್ವಾ?

ಟಾರ್ ರೋಡ್ ಬೇಡ. ಕೆರೆ ಏರಿ, ಮಣ್ಣಿನ ದಾರಿ ಪರವಾಗಿಲ್ವಾ?

ಅದೂ ತಪ್ಪೇ. ಕಾಯ್ದೆ 'ಸಾರ್ವಜನಿಕ ಸ್ಥಳ' ಅಂದಿರುವುದು ಡಾಂಬರು ರಸ್ತೆಗೆ ಮಾತ್ರ ಅಲ್ಲ. ಜನರಿಗೆ ಓಡಾಡುವ ಹಕ್ಕಿರುವ ಯಾವ ದಾರಿಯೂ ಅದರೊಳಗೆ ಬರುತ್ತದೆ. ನಕಾಶೆಯಲ್ಲಿರುವ ಬಂಡಿ ದಾರಿ, ತೋಟಗಳ ನಡುವಿನ ಊರ ದಾರಿ, ಏರಿ ಮೇಲಿನ ರಸ್ತೆ, ಎಲ್ಲವೂ.

ಕಾನೂನು ಬದಿಗಿಡಿ. ಈ ಮಣ್ಣಿನ ದಾರಿಗಳಲ್ಲಿ ಬೆಳಗ್ಗೆ ಯಾರು ಓಡಾಡುತ್ತಾರೆ ಅಂತ ಒಮ್ಮೆ ನಿಂತು ನೋಡಿ. ಡೇರಿಗೆ ಹಾಲಿನ ಕ್ಯಾನ್ ಹಿಡಿದು ಹೋಗುವ ಹೆಂಗಸರು, ಕುರಿ ಮಂದೆ, ಹಿಪ್ಪುನೇರಳೆ ಸೊಪ್ಪಿನ ಹೊರೆ ಕಟ್ಟಿಕೊಂಡ ಎಕ್ಸೆಲ್ ಗಾಡಿ. ಆ ಹೊರೆ ಎಷ್ಟು ಅಗಲ ಇರುತ್ತದೆ ಅಂದರೆ ಓಡಿಸುವವನಿಗೆ ಹಿಂದೆ ಏನು ಬರುತ್ತಿದೆ ಅಂತ ಕಾಣುವುದೇ ಇಲ್ಲ. ದ್ರಾಕ್ಷಿ ಚಪ್ಪರದ ತಿರುವಿನಲ್ಲಿ ಎದುರಿನವರು ಕಾಣುವುದು ತೀರಾ ಹತ್ತಿರ ಬಂದ ಮೇಲೆ. ಒಂದು ಭಾನುವಾರ ನಮ್ಮೂರ ಡೇರಿ ಮುಂದೆ ಎಟಿವಿ ಗುಂಪೊಂದು ಹೀಗೇ ತಿರುವಿನಿಂದ ನುಗ್ಗಿತು. ಒಬ್ಬ ಅಜ್ಜಿ ಕ್ಯಾನ್ ಬಿಟ್ಟು ಚರಂಡಿ ಕಡೆಗೆ ಸರಿದರು. ಹಾಲೆಲ್ಲ ಚೆಲ್ಲಿತು. ಪುಣ್ಯಕ್ಕೆ ಅವರಿಗೆ ಪೆಟ್ಟಾಗಲಿಲ್ಲ. ಗುಂಪಿನಲ್ಲಿದ್ದವರಿಗೆ ಹಿಂದೆ ಏನಾಯಿತು ಅಂತ ಗೊತ್ತೇ ಆಗಲಿಲ್ಲ. ಅಷ್ಟು ಸದ್ದು.

ಬೆಟ್ಟದ ಸುತ್ತಿನ ಅರಣ್ಯ ಇಲಾಖೆ ಜಾಗ ಇನ್ನೂ ಕಟ್ಟುನಿಟ್ಟು. ಮೀಸಲು ಅರಣ್ಯದೊಳಗೆ ಅನುಮತಿ ಇಲ್ಲದೆ ಗಾಡಿ ನುಗ್ಗಿಸಿದರೆ ಅರಣ್ಯ ಕಾಯ್ದೆಯಡಿ ಬೇರೆ ಕೇಸು.

ನಮ್ಮ ಜಾಗ ರಸ್ತೆಯ ಎರಡೂ ಕಡೆ ಇದೆ. ಬರೀ ದಾಟ್ತೀವಿ ಅಷ್ಟೇ. ಅದೂ ತಪ್ಪಾ?

ದಾಟುವುದೂ ರಸ್ತೆಯನ್ನು ಬಳಸಿದಂತೆಯೇ. ಬೇರೆ ದೇಶಗಳಲ್ಲಿ ಕೆಲವು ಕಡೆ ದಾಟಲು ಮಾತ್ರ ವಿನಾಯಿತಿ ಕೊಟ್ಟಿದ್ದಾರೆ. ಅಲ್ಲೂ ಗಾಡಿ ಪೂರ್ತಿ ನಿಲ್ಲಿಸಬೇಕು, ನೇರವಾಗಿ ದಾಟಬೇಕು ಎಂಬ ಷರತ್ತುಗಳಿರುತ್ತವೆ. ನಮ್ಮಲ್ಲಿ ಅಂಥ ವಿನಾಯಿತಿ ಇಲ್ಲ. ಗಾಡಿಗಳನ್ನು ಪಿಕಪ್ಪಿಗೆ ಹೇರಿ ಆ ಕಡೆ ಇಳಿಸಿ. ಕಷ್ಟ ಅನ್ನಿಸಿದರೆ ಟ್ರ್ಯಾಕನ್ನು ಒಂದೇ ಕಡೆ ಮಾಡಿ.

ನಾಲ್ಕು ಚಕ್ರ ಇದೆ. ಬೈಕಿಗಿಂತ ಸೇಫ್ ಅಲ್ವಾ?

ಎಲ್ಲಕ್ಕಿಂತ ಜಾಸ್ತಿ ಕೇಳುವ ಪ್ರಶ್ನೆ ಇದು, ಎಲ್ಲಕ್ಕಿಂತ ಜಾಸ್ತಿ ತಪ್ಪು ತಿಳಿದಿರುವುದೂ ಇದನ್ನೇ. ನಿಂತಾಗ ಬೀಳುವುದಿಲ್ಲ ಅಂದ ಮಾತ್ರಕ್ಕೆ ಓಡುವಾಗಲೂ ಬೀಳುವುದಿಲ್ಲ ಅಂತಲ್ಲ.

ಹಿಂದಿನ ಚಕ್ರಗಳಿಂದ ಶುರು ಮಾಡೋಣ. ಕಾರು ತಿರುವಿನಲ್ಲಿ ಹೋಗುವಾಗ ಹೊರಗಿನ ಚಕ್ರ ಜಾಸ್ತಿ ದೂರ ಓಡಬೇಕು, ಒಳಗಿನದು ಕಡಿಮೆ. ಈ ವ್ಯತ್ಯಾಸ ಸರಿದೂಗಿಸಲು ಕಾರಿನಲ್ಲಿ ಡಿಫರೆನ್ಷಿಯಲ್ ಇರುತ್ತದೆ. ಬಹಳಷ್ಟು ಎಟಿವಿಗಳಲ್ಲಿ ಹಿಂದೆ ಅದು ಇರುವುದಿಲ್ಲ. ಒಂದೇ ಗಟ್ಟಿ ಆಕ್ಸಲ್, ಎರಡೂ ಚಕ್ರ ಒಂದೇ ವೇಗದಲ್ಲಿ ತಿರುಗುತ್ತವೆ. ಮಣ್ಣಿನಲ್ಲಿ ಒಂದು ಚಕ್ರ ಸುಮ್ನೆ ಜಾರಿಕೊಳ್ಳುತ್ತದೆ, ತೊಂದರೆ ಇಲ್ಲ. ಡಾಂಬರು ಟೈರನ್ನು ಹಿಡಿದುಕೊಳ್ಳುತ್ತದೆ, ಜಾರಲು ಬಿಡುವುದಿಲ್ಲ. ಹ್ಯಾಂಡಲ್ ತಿರುಗಿಸಿದರೂ ಗಾಡಿ ನೇರಕ್ಕೇ ಎಳೆಯುತ್ತದೆ. ಇನ್ನೂ ಜೋರಾಗಿ ತಿರುಗಿಸಿದರೆ ಟೈರು ಥಟ್ಟನೆ ಕಚ್ಚಿಕೊಂಡು ಗಾಡಿ ಒಂದು ಪಕ್ಕಕ್ಕೆ ಎದ್ದುಬಿಡುತ್ತದೆ.

ಆ ಮೆತ್ತನೆ ಟೈರೂ ಡಾಂಬರಿನ ಮೇಲೆ ಪಕ್ಕಕ್ಕೆ ಮಡಚಿಕೊಳ್ಳುತ್ತದೆ. ಬ್ರೇಕ್ ಹಾಕಿದರೆ ಗಾಡಿ ಹೇಗೆ ವರ್ತಿಸುತ್ತದೆ ಅಂತ ಮೊದಲೇ ಹೇಳಲಾಗದು. ಇದರ ಮೇಲೆ ಗಾಡಿಯ ಎತ್ತರ ಜಾಸ್ತಿ, ಅಗಲ ಕಡಿಮೆ. ಭಾರವೆಲ್ಲ ಮೇಲೆ. ಓಡಿಸುವವನು ತಿರುವಿನಲ್ಲಿ ಮೈಯನ್ನು ಒಳಗಡೆಗೆ ವಾಲಿಸಿ ಸಮತೋಲ ಕಾಯ್ದುಕೊಳ್ಳಬೇಕು. ಇದು ಕಲಿತವರಿಗೆ ಮಾತ್ರ ಬರುವ ವಿದ್ಯೆ. ಹಿಂದೆ ಇನ್ನೊಬ್ಬರು ಕೂತರಂತೂ ಮೈ ವಾಲಿಸಲು ಜಾಗವೇ ಇರುವುದಿಲ್ಲ. ಮಗುಚಿದರೆ ಬೈಕಿನಂತೆ ಪಕ್ಕಕ್ಕೆ ಬಿದ್ದು ಬಿಟ್ಟುಹೋಗುವುದಿಲ್ಲ. ದೊಡ್ಡ ಎಟಿವಿ ಮುನ್ನೂರು ಕಿಲೋ ತೂಗುತ್ತದೆ. ಅದು ಮೇಲೆ ಬೀಳುತ್ತದೆ, ಎದೆ ಅದುಮುತ್ತದೆ. ಉಸಿರು ಕಟ್ಟಿ ಸಾಯುವವರೇ ಬಹಳ.

ಇದನ್ನು ನಾನು ಹೇಳಬೇಕಾಗಿಲ್ಲ, ಗಾಡಿ ಮಾಡಿದ ಕಂಪನಿಯೇ ಹೇಳಿದೆ. ಯಾವುದಾದರೂ ಒಳ್ಳೆ ಕಂಪನಿಯ ಎಟಿವಿಯ ಮಡ್‌ಗಾರ್ಡ್ ಮೇಲಿನ ಸ್ಟಿಕ್ಕರ್ ಓದಿ. ಸಾರ್ವಜನಿಕ ರಸ್ತೆಯಲ್ಲಿ ಓಡಿಸಬೇಡಿ, ಹೆಲ್ಮೆಟ್ ಇಲ್ಲದೆ ಹತ್ತಬೇಡಿ, ಕುಡಿದು ಓಡಿಸಬೇಡಿ ಅಂತ ಬರೆದಿರುತ್ತದೆ. ಒಂದೇ ಸೀಟಿನ ಗಾಡಿಯಾದರೆ ಹಿಂದೆ ಯಾರನ್ನೂ ಕೂರಿಸಬೇಡಿ ಅಂತಲೂ ಇರುತ್ತದೆ.

ಬೈಕು, ಆಟೋ, ಟ್ರ್ಯಾಕ್ಟರಿನಿಂದಲೂ ಜನ ಸಾಯ್ತಾರೆ. ಎಟಿವಿ ಮೇಲೆ ಮಾತ್ರ ಯಾಕೆ ಸಿಟ್ಟು?

ನ್ಯಾಯವಾದ ಪ್ರಶ್ನೆ. ನಮ್ಮ ರಸ್ತೆಗಳಲ್ಲಿ ಎಟಿವಿಗಿಂತ ಟಿಪ್ಪರಿಗೆ ಹೆದರುವವರೇ ಜಾಸ್ತಿ, ಅದು ಸರಿಯೂ ಹೌದು. ಆದರೆ ಆ ಗಾಡಿಗಳ ಹಿಂದೆ ಒಂದು ನಂಬರು, ಒಬ್ಬ ಮಾಲೀಕ, ಒಂದು ವಿಮೆ ಇದೆ. ಗುದ್ದಿ ಓಡಿದರೆ ಹುಡುಕಬಹುದು. ಪರಿಹಾರ ಕೇಳಬಹುದು. ಇನ್ನೊಂದು ಮಾತು: ಆಟೋ ನಮ್ಮೂರಿಗೆ ಬೇಕು. ಟ್ರ್ಯಾಕ್ಟರ್ ಬೇಕು. ಬೈಕಿಲ್ಲದೆ ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಗೆ ಹೋಗಿಬರುವುದು ಹೇಗೆ? ಆ ಅಪಾಯಕ್ಕೆ ಬದಲಾಗಿ ಊರಿಗೆ ಏನೋ ಸಿಗುತ್ತಿದೆ. ರಜೆಯ ಮೋಜಿನ ಗಾಡಿಯಿಂದ ದಾರಿಹೋಕರಿಗೆ ಸಿಗುವುದು ಧೂಳು ಮಾತ್ರ. ಮೋಜು ಬೇಡ ಅನ್ನುತ್ತಿಲ್ಲ. ಅದರ ಅಪಾಯವನ್ನು ಮೋಜು ಮಾಡುವವರೇ ಹೊರಬೇಕು, ಸೊಪ್ಪು ಹೊತ್ತು ಹೋಗುವವರ ಮೇಲೆ ಹಾಕಬಾರದು.

ಅಮೆರಿಕ, ಯುರೋಪಿನಲ್ಲಿ ರಸ್ತೆಗೆ ಬಿಟ್ಟಿದ್ದಾರಲ್ಲ?

ಕೆಲವು ಕಡೆ ಬಿಟ್ಟಿದ್ದಾರೆ. ಅಮೆರಿಕದಲ್ಲಿ ಇದು ಒಂದೊಂದು ರಾಜ್ಯಕ್ಕೆ ಒಂದೊಂದು ಥರ. ಅರಿಜೋನಾ, ಮೊಂಟಾನಾ, ಸೌತ್ ಡಕೋಟದಂಥ ಕಡೆ ಕನ್ನಡಿ, ಹಾರ್ನ್, ಲೈಟು, ನಂಬರ್ ಪ್ಲೇಟ್ ಹಾಕಿಸಿಕೊಂಡು ಎಷ್ಟೋ ರಸ್ತೆಗಳಲ್ಲಿ ಓಡಿಸಬಹುದು. ಕೆಲವು ರಾಜ್ಯಗಳಲ್ಲಿ ಊರಿನ ಆಡಳಿತ ಒಪ್ಪಿದ ರಸ್ತೆಗಳಲ್ಲಿ ಮಾತ್ರ. ಬ್ರಿಟನ್ನಿನಲ್ಲಿ ರಸ್ತೆಗೆ ಅಂತಲೇ ಒಪ್ಪಿಗೆ ಪಡೆದ ಕ್ವಾಡ್ ಬೈಕಿಗೆ ನೋಂದಣಿ, ತೆರಿಗೆ, ವಿಮೆ ಎಲ್ಲ ಕಾರಿನ ಹಾಗೇ ಬೇಕು.

ಆದರೆ ಈ ದೇಶಗಳ ಅನುಭವವನ್ನು ಪೂರ್ತಿ ಓದಬೇಕು, ನಮಗೆ ಬೇಕಾದ ಅರ್ಧ ಅಲ್ಲ. ಮೂರು ಚಕ್ರದ ಎಟಿವಿಗಳು ಮಗುಚಿ ಮಕ್ಕಳು ಸತ್ತದ್ದು ಜಾಸ್ತಿಯಾದಾಗ 1988ರಲ್ಲಿ ಅಮೆರಿಕ ಸರ್ಕಾರ ಮತ್ತು ಕಂಪನಿಗಳ ನಡುವೆ ಕೋರ್ಟಿನಲ್ಲಿ ಒಪ್ಪಂದವಾಯಿತು. ಮೂರು ಚಕ್ರದ ಹೊಸ ಗಾಡಿ ಮಾರಾಟ ನಿಂತಿತು. ಎಚ್ಚರಿಕೆ ಸ್ಟಿಕ್ಕರುಗಳು, ತರಬೇತಿ, ವಯಸ್ಸಿನ ನಿಯಮ ಬಂದವು. ಕಂಪನಿಗಳು ರಸ್ತೆಗೆ ಬೇಡ ಅಂತ ಅಷ್ಟು ಹೇಳಿದ ಮೇಲೂ ಅಲ್ಲಿ ಎಟಿವಿ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆಗುತ್ತಿರುವುದು ಸಾರ್ವಜನಿಕ ರಸ್ತೆಗಳಲ್ಲೇ. ವಿಶಾಲ ಕಾಡು, ಮರಳುಗಾಡು, ಹೊಲಗಳಿರುವ ದೇಶದಲ್ಲೂ ಹೀಗೆ.

ಆಸ್ಟ್ರೇಲಿಯಾದಲ್ಲಿ ಎಟಿವಿ ಹೆಚ್ಚಾಗಿ ರೈತರ ಗಾಡಿ. ಹೊಲದಲ್ಲಿ ಮಗುಚಿ ಸಾಯುವವರು ಎಷ್ಟಾದರೆಂದರೆ, 2021ರ ಅಕ್ಟೋಬರಿನಿಂದ ಹೊಲಕ್ಕೆ ಬಳಸುವ ಹೊಸ ಕ್ವಾಡ್ ಬೈಕುಗಳಿಗೆ ಓಡಿಸುವವರ ಮೇಲೆ ಗಾಡಿ ಅದುಮದಂತೆ ತಡೆಯುವ ಕಮಾನು ಕಡ್ಡಾಯವಾಯಿತು. ಹೋಂಡಾ, ಯಮಹಾ ಕಂಪನಿಗಳು ಅದನ್ನು ಒಪ್ಪದೆ ಅಲ್ಲಿ ಮಾರಾಟವನ್ನೇ ಬಿಟ್ಟವು. ಸರ್ಕಾರ ಮಾತ್ರ ಹಿಂದೆ ಸರಿಯಲಿಲ್ಲ. ಬೇರೆ ದೇಶದಿಂದ ಕಲಿಯುವುದಾದರೆ ಇದನ್ನು ಕಲಿಯಬೇಕು.

ಬಜಾಜ್ ಕ್ಯೂಟ್‌ಗೆ ಪರ್ಮಿಷನ್ ಕೊಟ್ರಲ್ಲ, ಅದೂ ನಾಲ್ಕು ಚಕ್ರದ ಸಣ್ಣ ಗಾಡಿ ತಾನೆ?

ಅದು ಕ್ವಾಡ್ರಿಸೈಕಲ್. ಮೇಲೆ ಮುಚ್ಚಿದ ಬಾಡಿ, ಸ್ಟೀರಿಂಗ್, ಸೀಟ್ ಬೆಲ್ಟ್ ಇದೆ. ಅದಕ್ಕೆಂದೇ ತೂಕ, ವೇಗ, ಸುರಕ್ಷತೆಯ ನಿಯಮ ಮಾಡಿ ಒಪ್ಪಿಗೆ ಕೊಟ್ಟಿದ್ದಾರೆ. 2018ರಲ್ಲಿ ಸ್ವಂತ ಬಳಕೆಗೂ ಬಿಟ್ಟರು. ಕ್ವಾಡ್ ಬೈಕಿಗೂ ಅದಕ್ಕೂ ಸಂಬಂಧ ಇಲ್ಲ.

ರೈತರು ಹೊಲಕ್ಕೆ, ತೋಟಕ್ಕೆ ಬಳಸಬಾರದಾ?

ಬಳಸಬಹುದು. ಇಲ್ಲಿ ನಾನು ಎಟಿವಿ ಪರವಾಗಿಯೇ ಮಾತಾಡುತ್ತೇನೆ.

ನಮ್ಮ ಕಡೆ ದ್ರಾಕ್ಷಿ ತೋಟದ ಸಾಲುಗಳ ಮಧ್ಯೆ ದೊಡ್ಡ ಟ್ರ್ಯಾಕ್ಟರ್ ಹೋಗುವುದಿಲ್ಲ. ಗುಲಾಬಿ, ಸೇವಂತಿಗೆ ತೋಟದಲ್ಲೂ ಹಾಗೇ. ಔಷಧಿ ಡ್ರಮ್ಮು, ಗೊಬ್ಬರದ ಮೂಟೆ, ಟೊಮೆಟೊ ಕ್ರೇಟು, ಎಲ್ಲವನ್ನೂ ಬೆನ್ನ ಮೇಲೆ, ತಲೆ ಮೇಲೆ ಹೊರಬೇಕು. ಕೂಲಿಯವರು ಸಿಗುವುದಿಲ್ಲ. ಸಿಕ್ಕರೂ ಈ ಕೆಲಸಕ್ಕೆ ಒಪ್ಪುವುದಿಲ್ಲ. ಅಂಥ ಕಡೆ ಮೆತ್ತನೆ ಟೈರಿನ, ಭೂಮಿ ಅದುಮದ ಸಣ್ಣ ಗಾಡಿ ದೊಡ್ಡ ಉಪಕಾರ.

ಸ್ವಂತ ಜಮೀನಿನೊಳಗೆ ಯಾರ ತಕರಾರೂ ಇಲ್ಲ. ಮನೆಯಿಂದ ತೋಟಕ್ಕೆ ಊರ ರಸ್ತೆ ಮೇಲೆ ಹೋಗಬೇಕು ಅನ್ನುವಾಗ ಪ್ರಶ್ನೆ ಬರುತ್ತದೆ. ಅದಕ್ಕೂ ದಾರಿ ಇದೆ. ಕೇಂದ್ರದ ನಿಯಮಗಳಲ್ಲಿ ಕೃಷಿ ಟ್ರ್ಯಾಕ್ಟರ್ ಅಂದರೆ ಹೊಲದ ಕೆಲಸದ ಉಪಕರಣ, ಟ್ರೇಲರ್ ಎಳೆಯಲು ಮಾಡಿದ ನಾಲ್ಕು ಚಕ್ರದ ಗಾಡಿ. ಪೊಲಾರಿಸ್ ಕಂಪನಿ ತನ್ನ ಒಂದು ಎಟಿವಿಯನ್ನು ಈ ವರ್ಗದಲ್ಲಿ ಪಾಸು ಮಾಡಿಸಿ ಭಾರತದಲ್ಲಿ ಮಾರಾಟಕ್ಕೆ ತಂದಿತ್ತು. ಅಂಥ ಗಾಡಿಗೆ ನಂಬರ್ ಸಿಗುತ್ತದೆ, ಇನ್ಶೂರೆನ್ಸ್ ಸಿಗುತ್ತದೆ. ಕೊಳ್ಳುವ ಮುಂಚೆ ಅಂಗಡಿಯವನ ಬಾಯಿಮಾತು ನಂಬಬೇಡಿ. ಟ್ರ್ಯಾಕ್ಟರ್ ವರ್ಗದಲ್ಲಿ ಒಪ್ಪಿಗೆ ಸಿಕ್ಕ ಪತ್ರ ಕೇಳಿ, ಮಾಡೆಲ್ ಹೆಸರು ಅಕ್ಷರಕ್ಕೆ ಅಕ್ಷರ ತಾಳೆ ಆಗುತ್ತದಾ ನೋಡಿ, ಆರ್‌ಟಿಒದಲ್ಲಿ ಒಮ್ಮೆ ವಿಚಾರಿಸಿ. ಆಮೇಲೆ ದುಡ್ಡು ಕೊಡಿ.

ಬೆಲೆ ಮಾತ್ರ ನಮ್ಮ ಸಣ್ಣ ರೈತರ ಕೈಗೆ ಎಟುಕುವಂಥದ್ದಲ್ಲ. ಮಿನಿ ಟ್ರ್ಯಾಕ್ಟರಿಗೆ, ಪವರ್ ಟಿಲ್ಲರಿಗೆ ಸಹಾಯಧನ ಕೊಡುವ ಸರ್ಕಾರ, ಇಂಥ ಹಗುರ ಗಾಡಿಯನ್ನು ದೇಶದಲ್ಲೇ ಕಡಿಮೆ ಬೆಲೆಗೆ, ಮಗುಚಿದರೂ ಜೀವ ಉಳಿಸುವ ಕಮಾನಿನ ಸಮೇತ ಮಾಡಿಸಲು ಯೋಚಿಸಬೇಕು.

ಒಂದು ಎಚ್ಚರ. ಕೃಷಿ ಟ್ರ್ಯಾಕ್ಟರ್ ಅಂತ ನೋಂದಣಿ ಮಾಡಿಸಿ ವಾರದ ಕೊನೆಗೆ ಪ್ರವಾಸಿಗರಿಗೆ ಬಾಡಿಗೆ ಬಿಡುವಂತಿಲ್ಲ. ಅದು ಸಾರಿಗೆ ವಾಹನ ಅಲ್ಲ.

ಕನ್ನಡಿ, ಇಂಡಿಕೇಟರ್, ಹಾರ್ನ್ ನಾವೇ ಹಾಕಿಸಿದ್ರೆ?

ಆಗುವುದಿಲ್ಲ. ಬಿಡಿಭಾಗ ಸಿಕ್ಕಿಸಿದ ಮಾತ್ರಕ್ಕೆ ಒಪ್ಪಿಗೆ ಇಲ್ಲದ ಮಾಡೆಲಿಗೆ ಒಪ್ಪಿಗೆ ಬರುವುದಿಲ್ಲ. ಹಿಂದಿನ ಆಕ್ಸಲ್, ಟೈರು ಬದಲಾಗುವುದೂ ಇಲ್ಲ.

ಎಲೆಕ್ಟ್ರಿಕ್ ಆದ್ರೆ ಡಿಎಲ್, ಆರ್‌ಸಿ ಏನೂ ಬೇಡವಂತೆ?

ಆ ರಿಯಾಯಿತಿ ಇರುವುದು 250 ವ್ಯಾಟ್‌ಗಿಂತ ಕಡಿಮೆ ಶಕ್ತಿಯ, ಗಂಟೆಗೆ 25 ಕಿಲೋಮೀಟರ್‌ಗಿಂತ ಕಡಿಮೆ ವೇಗದ ಹಗುರ ಗಾಡಿಗೆ. ಅದನ್ನೂ ಪರೀಕ್ಷಾ ಸಂಸ್ಥೆ ನೋಡಿ ಪತ್ರ ಕೊಟ್ಟಿರಬೇಕು. ದೊಡ್ಡವರನ್ನು ಹೊತ್ತು ಏರು ಹತ್ತುವ ಎಲೆಕ್ಟ್ರಿಕ್ ಎಟಿವಿ ಈ ಲೆಕ್ಕಕ್ಕೆ ಬರುವುದಿಲ್ಲ.

ಅಪಘಾತ ಆದರೆ ಏನಾಗುತ್ತೆ?

ಈ ಭಾಗವನ್ನು ರೆಸಾರ್ಟ್ ಮಾಲೀಕರು, ಹೋಂಸ್ಟೇ ನಡೆಸುವವರು ನಿಧಾನವಾಗಿ ಓದಬೇಕು.

ವಿಮೆ ಇರುವ ಗಾಡಿ ಗುದ್ದಿದರೆ ಪೆಟ್ಟು ತಿಂದವರು ಜಿಲ್ಲೆಯ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗುತ್ತಾರೆ, ವಿಮಾ ಕಂಪನಿ ದುಡ್ಡು ಕಟ್ಟುತ್ತದೆ. ಎಟಿವಿಗೆ ವಿಮೆಯೇ ಇಲ್ಲ. ಹಾಗಾದರೆ ಪರಿಹಾರ ಪೂರ್ತಿ ಮಾಲೀಕನ ಜೇಬಿನಿಂದ ಬರಬೇಕು. ದುಡಿಯುವ ವಯಸ್ಸಿನವರೊಬ್ಬರು ಸತ್ತರೆ ಅಥವಾ ಕಾಲು ಕಳೆದುಕೊಂಡರೆ ಮೊತ್ತ ಲಕ್ಷಗಟ್ಟಲೆ ಆಗುತ್ತದೆ, ಜಮೀನು ಮಾರಬೇಕಾದೀತು. ಮಾಲೀಕನ ಬಳಿ ಏನೂ ಇಲ್ಲದಿದ್ದರೆ ಇನ್ನೂ ಕೆಟ್ಟದ್ದು: ಕೋರ್ಟು ಆದೇಶ ಕೊಟ್ಟರೂ ಪೆಟ್ಟು ತಿಂದವರಿಗೆ ಬಿಡಿಗಾಸೂ ಸಿಗದೆ ಹೋಗಬಹುದು. ನನ್ನನ್ನು ಎಲ್ಲಕ್ಕಿಂತ ಕಾಡುವುದು ಇದೇ. ತಪ್ಪೇ ಮಾಡದ ಕೂಲಿ ಮನೆಯವರು ಆಸ್ಪತ್ರೆ ಬಿಲ್ಲಿಗೆ ಸಾಲ ಮಾಡಬೇಕು.

'ಏನಾದರೂ ಆದರೆ ನಾವು ಜವಾಬ್ದಾರರಲ್ಲ' ಅಂತ ಪ್ರವಾಸಿಗರಿಂದ ಸಹಿ ಹಾಕಿಸಿಕೊಳ್ಳುವ ಕಾಗದ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ರಸ್ತೆಯಲ್ಲಿ ನಡೆದು ಹೋಗುತ್ತಿದ್ದವರು ಅದಕ್ಕೆ ಸಹಿ ಹಾಕಿಲ್ಲವಲ್ಲ.

ಇದರ ಜೊತೆ ಪೊಲೀಸ್ ಕೇಸು. ಅಜಾಗರೂಕ ಚಾಲನೆಗೆ ಭಾರತೀಯ ನ್ಯಾಯ ಸಂಹಿತೆಯ 281, ಸಾವಾದರೆ 106. ನೋಂದಣಿ ಇಲ್ಲದೆ ಓಡಿಸಿದ್ದಕ್ಕೆ ಮೋಟಾರು ವಾಹನ ಕಾಯ್ದೆಯ 192ರ ಪ್ರಕಾರ ಮೊದಲ ಸಲ 5,000 ರೂಪಾಯಿವರೆಗೆ ದಂಡ, ಮತ್ತೆ ಮಾಡಿದರೆ 10,000ದವರೆಗೆ ದಂಡ ಅಥವಾ ಒಂದು ವರ್ಷದವರೆಗೆ ಜೈಲು. ಗಾಡಿಯನ್ನು ಜಪ್ತಿ ಮಾಡುವ ಅಧಿಕಾರವೂ ಪೊಲೀಸರಿಗಿದೆ.

ಮಕ್ಕಳಿಗೆ ಸಣ್ಣ ಎಟಿವಿ ಕೊಡಿಸಿದ್ದೇವೆ. ಮನೆ ಮುಂದಿನ ಬೀದಿಯಲ್ಲಿ ಆಡಬಹುದಾ?

ದಯವಿಟ್ಟು ಬೇಡ. ಬೀದಿಯೂ ಸಾರ್ವಜನಿಕ ಸ್ಥಳವೇ. 2019ರ ತಿದ್ದುಪಡಿಯಲ್ಲಿ ಬಂದ 199ಎ ಸೆಕ್ಷನ್ ಬಹಳ ಕಠಿಣ. ಹದಿನೆಂಟು ತುಂಬದ ಮಗು ವಾಹನದ ಅಪರಾಧ ಮಾಡಿದರೆ ಪೋಷಕರು ಅಥವಾ ಗಾಡಿ ಮಾಲೀಕರೇ ತಪ್ಪಿತಸ್ಥರು. ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಆ ಮಗುವಿಗೆ 25 ವರ್ಷ ತುಂಬುವವರೆಗೆ ಡಿಎಲ್ ಸಿಗುವುದಿಲ್ಲ.

ಕಾನೂನಿಗೆ ಹೆದರಿ ಅಂತ ಹೇಳುತ್ತಿಲ್ಲ. ಹತ್ತು ವರ್ಷದ ಮಗುವಿಗೆ ಮೈಭಾರ ವಾಲಿಸಿ ಗಾಡಿ ಹಿಡಿತಕ್ಕೆ ತರುವಷ್ಟು ತೂಕವೇ ಇರುವುದಿಲ್ಲ. ಬೀದಿಯಲ್ಲಿ ಹಿಂದಕ್ಕೆ ಬರುವ ಟಾಟಾ ಏಸ್ ಡ್ರೈವರಿಗೆ ಆ ಕುಳ್ಳ ಗಾಡಿ ಕನ್ನಡಿಯಲ್ಲಿ ಕಾಣುವುದೂ ಇಲ್ಲ.

ರೆಸಾರ್ಟಿನ ಒಳಗೆ ಓಡಿಸೋದೂ ತಪ್ಪಾ?

ತಪ್ಪಲ್ಲ. ಬೇಲಿ ಹಾಕಿದ ಖಾಸಗಿ ಜಾಗದಲ್ಲಿ, ಸರಿಯಾದ ಟ್ರ್ಯಾಕಿನಲ್ಲಿ ಓಡಿಸಿದರೆ ಖುಷಿಯ ಆಟ. ಕೇಂದ್ರ ಪ್ರವಾಸೋದ್ಯಮ ಇಲಾಖೆ 2018ರಲ್ಲಿ ತಂದ ಸಾಹಸ ಪ್ರವಾಸದ ಮಾರ್ಗಸೂಚಿಯಲ್ಲಿ ಎಟಿವಿಗೂ ಜಾಗ ಇದೆ. ಹೋಗುವವರು ಇಷ್ಟು ನೋಡಿಕೊಳ್ಳಿ: ಹೆಲ್ಮೆಟ್ ತಲೆಗೆ ಸರಿಯಾಗಿ ಕೂರುತ್ತದಾ, ಪಟ್ಟಿ ಬಿಗಿಯುತ್ತದಾ? ಓಡಿಸುವ ಮುಂಚೆ ಖಾಲಿ ಜಾಗದಲ್ಲಿ ಬ್ರೇಕು, ಆಕ್ಸಿಲರೇಟರ್ ಹೇಳಿಕೊಟ್ಟರಾ? ಸ್ಥಳದಲ್ಲಿ ಪ್ರಥಮ ಚಿಕಿತ್ಸೆ ಬಲ್ಲವರಿದ್ದಾರಾ? 'ಊರೊಳಗೆ ಒಂದು ರೌಂಡ್ ಹೋಗಿಬರೋಣ' ಅಂತ ಗೈಡ್ ಕರೆದರೆ ಬೇಡ ಅನ್ನಿ. ಚಪ್ಪಲಿ, ದುಪಟ್ಟಾ, ಸೀರೆಯಲ್ಲಿ ಹತ್ತಬೇಡಿ. ಬಟ್ಟೆ ಚಕ್ರಕ್ಕೆ ಸಿಕ್ಕಿಕೊಳ್ಳುತ್ತದೆ.

ಪ್ರವಾಸಿಗರು ಬಂದರೆ ಊರಿಗೆ ನಾಲ್ಕು ಕಾಸು. ನಮ್ಮ ಹುಡುಗರಿಗೆ ಕೆಲಸ. ಯಾಕೆ ತಡೆಯೋದು?

ಕೆಲಸ ಬೇಕು. ನಂದಿ ಬೆಟ್ಟ, ಸ್ಕಂದಗಿರಿ, 2023ರಿಂದ ಆವಲಗುರ್ಕಿ ಹತ್ತಿರದ ಆದಿಯೋಗಿ ಮೂರ್ತಿ, ಇವೆಲ್ಲ ನೋಡಲು ಬೆಂಗಳೂರಿನಿಂದ ಬರುವ ಜನ ಹೆಚ್ಚಿದ್ದಾರೆ. ಜೋಳ ಸುಡುವವರಿಂದ ಹಿಡಿದು ಹೋಂಸ್ಟೇ ಅಡುಗೆಯವರವರೆಗೆ ಎಷ್ಟೋ ಮನೆ ಇದರಿಂದ ನಡೆಯುತ್ತಿವೆ. ಎಟಿವಿ ಟ್ರ್ಯಾಕಿನಲ್ಲಿ ಕೆಲಸ ಮಾಡುವ ಹುಡುಗರೂ ನಮ್ಮವರೇ. ಟ್ರ್ಯಾಕು ಬೇಲಿಯೊಳಗಿದ್ದರೆ ಅವರ ಕೆಲಸ ಎಲ್ಲಿಗೂ ಹೋಗುವುದಿಲ್ಲ. ರಸ್ತೆಯಲ್ಲಿ ಅಪಘಾತವಾದರೆ ಮೊದಲು ಪೊಲೀಸ್ ಠಾಣೆಯಲ್ಲಿ ಕೂರುವುದು ಮುಂದೆ ಗಾಡಿ ಓಡಿಸಿ ದಾರಿ ತೋರಿಸಿದ ಆ ಹುಡುಗನೇ. ಮಾಲೀಕ ಆಮೇಲೆ.

ಸುಗ್ಗಿಯಲ್ಲಿ ಬಂದರೆ ಇನ್ನೊಂದು ತೊಂದರೆ. ರಾಗಿ, ಹುರುಳಿಯನ್ನು ರಸ್ತೆ ಮೇಲೆ ಹರಡಿ ಒಕ್ಕಣೆ ಮಾಡುತ್ತಾರೆ. ಅದೂ ಸರಿಯಲ್ಲ, ಕಣಗಳು ಬೇಕು, ಆ ಮಾತು ಬೇರೆ. ಆದರೆ ಹುರುಳಿ ಸೊಪ್ಪಿನ ಮೇಲೆ ಹತ್ತಿದ ಎಟಿವಿ ಜಾರುವುದು ಖಂಡಿತ. ಅಲ್ಲೇ ಪಕ್ಕದಲ್ಲಿ ಮೊರ ಹಿಡಿದು ಜನ ಕೂತಿರುತ್ತಾರೆ.

ರಸ್ತೆಯಲ್ಲಿ ಕಂಡರೆ ಏನು ಮಾಡಬೇಕು?

ಅಡ್ಡ ನಿಂತು ತಡೆಯಬೇಡಿ, ಕಲ್ಲು ಇಡಬೇಡಿ. ಪಕ್ಕಕ್ಕೆ ಸರಿದು ಜಾಗ, ಹೊತ್ತು ಕಾಣುವಂತೆ ವಿಡಿಯೊ ಮಾಡಿ 112ಕ್ಕೆ ಫೋನ್ ಮಾಡಿ. ನಂಬರ್ ಪ್ಲೇಟ್ ಇರುವುದಿಲ್ಲವಾದ್ದರಿಂದ ಗಾಡಿಯ ಬಣ್ಣ, ಯಾವ ಗೇಟಿನಿಂದ ಬಂತು, ಎಲ್ಲಿಗೆ ಹೋಯಿತು ಅನ್ನುವುದೇ ಮುಖ್ಯ ಸುಳಿವು. ಆಮೇಲೆ ಠಾಣೆಗೆ ಬರವಣಿಗೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ. ಬಾಯಿಮಾತಿನ ದೂರಿಗೆ ದಾಖಲೆ ಇರುವುದಿಲ್ಲ.

ಪಂಚಾಯ್ತಿಯವರು ಪರ್ಮಿಷನ್ ಕೊಟ್ಟಿದ್ದಾರೆ ಅಂತಾರಲ್ಲ?

ವ್ಯಾಪಾರ ನಡೆಸಲು ಲೈಸೆನ್ಸ್ ಕೊಟ್ಟಿರಬಹುದು. ನೋಂದಣಿ ಇಲ್ಲದ ಗಾಡಿಯನ್ನು ರಸ್ತೆಗೆ ಬಿಡುವ ಅಧಿಕಾರ ಗ್ರಾಮ ಪಂಚಾಯ್ತಿಗೆ ಇಲ್ಲ. ಅಧ್ಯಕ್ಷರಿಗೂ ಇಲ್ಲ, ಪಿಡಿಒಗೂ ಇಲ್ಲ. ಆದರೆ ಲೈಸೆನ್ಸ್ ಕೊಡುವಾಗ ಷರತ್ತು ಹಾಕುವುದು ಪಂಚಾಯ್ತಿ ಕೈಯಲ್ಲೇ ಇದೆ: ಟ್ರ್ಯಾಕಿಗೆ ಪೂರ್ತಿ ಬೇಲಿ, ರಸ್ತೆ ಕಡೆ ಗೇಟಿಗೆ ಬೀಗ. ಗ್ರಾಮಸಭೆಯಲ್ಲಿ ಯಾರಾದರೂ ಎದ್ದು ಇದನ್ನು ಕೇಳಿ ನಡಾವಳಿ ಪುಸ್ತಕದಲ್ಲಿ ಬರೆಸಬೇಕು. ಮುಂದಿನ ಸಲ ಲೈಸೆನ್ಸ್ ನವೀಕರಣಕ್ಕೆ ಅರ್ಜಿ ಬಂದಾಗ ಆ ಪುಟ ತೆಗೆದು ತೋರಿಸಬಹುದು.